ಹೊಸತೊಡಕಿನ ಗುಳ್ಳೆ ಪಾನಕ

ಗುಳ್ಳೆ ಏಳುವ ಯಾವ ಪದಾರ್ಥವನ್ನೂ ನಾನು ನಂಬುವವಳಲ್ಲ. ನಿನ್ನೆಯ ಸಾರು ಗುಳ್ಳೆ ಬಿಟ್ಟರೆ ಅದು ದನದ ಕಲಗಚ್ಚಿಗೆ. ಅನ್ನದ ಗಂಜಿ ಗುಳ್ಳೆ ಬಿಟ್ಟರೆ ತೆಂಗಿನ ಗಿಡದ ಬುಡಕ್ಕೆ. ಗುಳ್ಳೆ ಬಂದರೂ ಮರ್ಯಾದೆ ಉಳಿಸಿಕೊಳ್ಳುವುದು ದೋಸೆ ಹಿಟ್ಟು ಒಂದೇ. ಅದೂ ಬೆಳಗಿನ ಹೊತ್ತು ಮೀರಿದರೆ ಮೂಗು ಮುಚ್ಚಿಕೊಳ್ಳಬೇಕು. ಇಂಥ ನನ್ನ ಹೊಟ್ಟೆಯ ಮಗನಿಗೆ ಹುಟ್ಟಿದ ಮೊಮ್ಮಗಳು ಪವಿತ್ರ, ಗುಳ್ಳೆ ಕಾಯುವುದನ್ನೇ ಸಂಬಳದ ಕೆಲಸ ಮಾಡಿಕೊಂಡಿದ್ದಾಳೆ. ಚಿಕ್ಕಬಳ್ಳಾಪುರದ ಆಚೆಗಿರುವ ಒಂದು ವೈನ್ ಫ್ಯಾಕ್ಟರಿಯಲ್ಲಿ ಬಿಳಿ ಕೋಟು ಹಾಕಿಕೊಂಡು, ಯಾವ ಪೀಪಾಯಿ ಹೇಗಿದೆ, ಯಾವುದು ಹುಳಿಯಾಯಿತು, ಯಾವುದು ಹದಕ್ಕೆ ಬಂತು ಎಂದು ನೋಡಿ ಹೇಳುವುದು ಅವಳ ಉದ್ಯೋಗ.

ಮೇಲೂರಿನಲ್ಲಿ ನಮ್ಮದು ದ್ರಾಕ್ಷಿ ತೋಟ. ನಮ್ಮ ಯಜಮಾನರು ಕಲ್ಲುಕಂಬ ನಿಲ್ಲಿಸಿ ತಂತಿ ಎಳೆದು ಚಪ್ಪರ ಹಾಕಿದ ದಿನದಿಂದ ಆ ಬಳ್ಳಿಯ ಕೆಳಗೆ ಬಗ್ಗಿ ಬಗ್ಗಿಯೇ ನನ್ನ ಬೆನ್ನು ಹೀಗಾಗಿದೆ. ಕರಿ ದ್ರಾಕ್ಷಿ. ಸಿಪ್ಪೆ ದಪ್ಪ, ಒಳಗೆ ಬೀಜ, ಬಾಯಿಗಿಟ್ಟು ಒತ್ತಿದರೆ ತಿರುಳು ಜಾರಿ ಗಂಟಲಿಗೆ ಹೋಗುತ್ತದೆ. ಒಳ್ಳೆ ಗೊಂಚಲು ಕ್ರೇಟಿಗೆ, ಉದುರಿದ ಕಾಳು ಮಕ್ಕಳ ಬಾಯಿಗೆ. ಇದಕ್ಕಿಂತ ಹೆಚ್ಚಿನ ಗತಿ ದ್ರಾಕ್ಷಿಗೆ ಇರಬಹುದೆಂದು ನಾನು ಯೋಚಿಸಿದವಳಲ್ಲ. ಗುಳ್ಳೆಯ ವೈನು ಹೇಗಾಗುತ್ತದೆ ಎಂದು ಪವಿತ್ರಳನ್ನು ಕೇಳಿದೆ. ರಸದಲ್ಲಿರುವ ಸಿಹಿಯನ್ನು ಕಣ್ಣಿಗೆ ಕಾಣದ ಜೀವಗಳು ತಿಂದು ಉಸಿರು ಬಿಡುತ್ತವಂತೆ. ಆ ಉಸಿರು ಆಚೆ ಹೋಗದ ಹಾಗೆ ಬಿರಡೆ ಜಡಿದರೆ ಅದೇ ಗುಳ್ಳೆಯಂತೆ. ಇಷ್ಟಕ್ಕೆ ಕಾಲೇಜಿಗೆ ಯಾಕೆ ಹೋಗಬೇಕಿತ್ತೋ! ಒಂದು ಸಲ ಬೇಸಿಗೆಯಲ್ಲಿ ದೋಸೆ ಹಿಟ್ಟನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ಮರೆತಿದ್ದೆ. ಮುಚ್ಚಳ ಹಾರಿ ದೇವರ ಪಟಕ್ಕೆ ಬಡಿದಿತ್ತು.

ಕೆಲಸ ಚೆನ್ನಾಗಿಯೇ ನಡೆದಿತ್ತು. ಅಷ್ಟರಲ್ಲಿ ಸಂಬಂಧ ಕೂಡಿ ಬಂತು. ಹುಡುಗ ಮಂಜುನಾಥ ಗೌರಿಬಿದನೂರಿನವನು, ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಮಿಷನ್ ನೋಡಿಕೊಳ್ಳುತ್ತಾನೆ. ನೋಡಿ ಹೋದ ದಿನದಿಂದ ಇಬ್ಬರೂ ಫೋನು ಕಿವಿಯಿಂದ ಇಳಿಸಿರಲಿಲ್ಲ. ಆದರೆ ಹುಡುಗನ ತಾಯಿ ರತ್ನಮ್ಮ ಮಾತು ಕಳಿಸಿದಳು: ಹುಡುಗಿ ಲಕ್ಷಣವಾಗಿದ್ದಾಳೆ, ಮನೆತನವೂ ಒಪ್ಪಿಗೆ, ಆದರೆ ಆ ಸೀಸೆ ಕೆಲಸ ಬಿಡಬೇಕು. ಸೊಸೆ ದಿನಾ ಕುಡಿದು ಮನೆಗೆ ಬರುತ್ತಾಳೆ ಎಂದು ಬೀದಿಯವರು ಆಡಿಕೊಂಡರೆ ಅವರು ತಲೆ ಎತ್ತಿ ತಿರುಗುವುದು ಹೇಗೆ?

ನನ್ನ ಮಗ ನಾರಾಯಣಸ್ವಾಮಿ ಮೆತ್ತಗಿನವನು. ಯಾರು ಕೊನೆಯಲ್ಲಿ ಮಾತಾಡುತ್ತಾರೋ ಅವರದೇ ಸರಿ ಅನ್ನುತ್ತಾನೆ. "ಬಿಟ್ಬಿಡಮ್ಮ, ಬೇರೆ ಕೆಲಸ ಸಿಗಲ್ವಾ?" ಅಂದ.

"ನಂಗೆ ಆ ಹುಡುಗಾನೂ ಬೇಕು, ಈ ಕೆಲಸಾನೂ ಬೇಕು ಕಣಪ್ಪ" ಅಂದಳು ಪವಿತ್ರ. "ಹೊಸತೊಡಕಿಗೆ ಅವರನ್ನ ಊಟಕ್ಕೆ ಕರಿ. ನಾನು ಏನು ಮಾಡ್ತೀನಿ ಅಂತ ಒಂದ್ಸಲ ಕಣ್ಣಾರೆ ನೋಡ್ಲಿ. ಆಮೇಲೂ ಬೇಡ ಅಂದ್ರೆ ನೋಡಣ."

ಯುಗಾದಿಯ ದಿನ ಹೋಳಿಗೆ ತಿಂದು ಒಳ್ಳೆಯವರಾಗಿರುವ ನಮ್ಮ ಜನ ಮಾರನೆಯ ದಿನ ಹೊಸತೊಡಕಿಗೆ ಮಾಂಸದ ಮುಂದೆ ಕೂತು ನಿಜವಾದ ಬಣ್ಣ ತೋರಿಸುತ್ತಾರೆ. ಗಂಡಸರು ಹಿತ್ತಲಿಗೆ ಒಬ್ಬೊಬ್ಬರೇ ಹೋಗಿ ಬಾಯಿ ಒರೆಸಿಕೊಂಡು ಬರುತ್ತಾರೆ. ಹೆಂಗಸರು ನೋಡಿಯೂ ನೋಡದ ಹಾಗೆ ಮುದ್ದೆ ತಿರುವುತ್ತಾರೆ. ಈ ಕಳ್ಳಾಟ ಬೇಡ, ನಡುಮನೆಯಲ್ಲೇ ಎಲ್ಲರೆದುರಿಗೆ ಅಂದವಾಗಿ ಕೊಡುತ್ತೇನೆ ಎನ್ನುವುದು ಪವಿತ್ರಳ ಯೋಚನೆ. ನಮ್ಮ ತೋಟದ ದ್ರಾಕ್ಷಿಯನ್ನು ಬೆಲ್ಲದ ಜೊತೆ ಕುದಿಸಿ ಸೋಸಿ ಗಟ್ಟಿ ರಸ ಮಾಡಿದಳು. ಅದಕ್ಕೆ ಒಂದಿಷ್ಟು ಹಸಿಶುಂಠಿ, ನಿಂಬೆಹುಳಿ. ಉದ್ದನೆಯ ಗಾಜಿನ ಲೋಟದ ತಳಕ್ಕೆ ಈ ರಸ ಎರಡು ಚಮಚ, ನಾಲ್ಕು ದಾಳಿಂಬೆ ಕಾಳು, ಮೇಲೆ ಲೋಟ ವಾಲಿಸಿಕೊಂಡು ತಣ್ಣನೆಯ ಗುಳ್ಳೆ ವೈನು. ದಾಳಿಂಬೆ ಕಾಳು ಗುಳ್ಳೆ ಹಿಡಿದುಕೊಂಡು ಮೇಲಕ್ಕೆ ಬರುತ್ತದೆ, ಬಿಟ್ಟು ಕೆಳಕ್ಕೆ ಹೋಗುತ್ತದೆ. ಬೇಡ ಅಂದವರಿಗೆ ವೈನಿನ ಬದಲು ಸೋಡಾ. ಫ್ರಿಜ್ಜಿನಲ್ಲಿ ಮೂರು ಬಾಟಲಿ ಮಲಗಿಸಿ ಅವಳು ತಲೆಗೆ ನೀರು ಹಾಕಿಕೊಳ್ಳಲು ಹೋದಳು.

ಈಗ ನನ್ನ ಪಾಲಿನದನ್ನು ಹೇಳಬೇಕು. ನೆಂಟರು ಬಂದ ಮೇಲೆ ಪಾನಕ ಕಲಸುವವಳು ಮನೆ ಹೆಂಗಸಲ್ಲ. ಅದು ನನ್ನ ಅತ್ತೆ ನನಗೆ ಕಲಿಸಿದ ಪಾಠ. ಬಂದವರು ಕಾಲು ತೊಳೆದು ಒಳಗಿಡುವ ಹೊತ್ತಿಗೆ ಲೋಟ ಕೈಗೆ ಹೋಗಬೇಕು. ಅದಕ್ಕೇ ಪಾನಕವನ್ನು ಮುಂಚೆಯೇ ದೊಡ್ಡ ಕೊಳಗದಲ್ಲಿ ಮಾಡಿ, ಬೆಲ್ಲ ತಳ ಹಿಡಿಯದಂತೆ ಚೆನ್ನಾಗಿ ತಿರುವಿ, ಒದ್ದೆ ಬಟ್ಟೆ ಮುಚ್ಚಿಡುವುದು. ಈ ಹುಡುಗಿಗೆ ಇದೆಲ್ಲ ಎಲ್ಲಿ ಗೊತ್ತು, ನೆಂಟರ ಮುಂದೆ ನಿಂತುಕೊಂಡು ಒಂದೊಂದೇ ಲೋಟಕ್ಕೆ ಸುರಿಯುತ್ತಾ ಕೂತರೆ ಅವರು ಬಾಯಾರಿ ಸಾಯಬೇಕೇ ಅಂದುಕೊಂಡೆ. ಬಾಟಲಿಗಳನ್ನು ಹಿತ್ತಲಿಗೆ ತಂದೆ. ಮೊದಲನೆಯದರ ತಂತಿ ಬಿಚ್ಚಿದ್ದೇ ತಡ, ಬಿರಡೆ ಢಮ್ಮೆಂದು ಹಾರಿ ಚಾವಣಿಯ ಶೀಟಿಗೆ ಬಡಿಯಿತು. ಕೋಳಿಗಳು ಎದ್ದು ಓಡಿದವು. ಎರಡನೆಯದನ್ನು ಸೆರಗು ಸುತ್ತಿ ತೆಗೆದೆ. ಎರಡನ್ನೂ ಕೊಳಗಕ್ಕೆ ಸುರಿದು, ದ್ರಾಕ್ಷಿ ರಸ ಅಷ್ಟನ್ನೂ ಹಾಕಿ, ಸೌಟಿನಲ್ಲಿ ಗರಗರ ತಿರುವಿದೆ. ನೊರೆ ಬಂತು. ನೊರೆ ಕೊಳೆ ಅಲ್ಲವೇ, ಬೆಲ್ಲದ್ದಿರಬೇಕು ಎಂದು ಅದನ್ನೂ ತೆಗೆದು ಚೆಲ್ಲಿದೆ. ಮೂರನೆಯ ಬಾಟಲಿಗೆ ಕೈ ಹಾಕಲು ಧೈರ್ಯ ಬರಲಿಲ್ಲ. ಅದನ್ನು ತಿರುಗಿ ಫ್ರಿಜ್ಜಿನಲ್ಲಿಟ್ಟೆ.

ಪವಿತ್ರ ಒದ್ದೆ ಕೂದಲಿಗೆ ಟವೆಲ್ಲು ಸುತ್ತಿಕೊಂಡು ಬಂದು ಬಟ್ಟೆ ಎತ್ತಿ ನೋಡಿದಳು. "ಅಜ್ಜೀ, ಏನಿದು?"

"ಪಾನಕ. ಸಿಹಿ ಸರಿಹೋಗೈತಾ ನೋಡು."

"ಗುಳ್ಳೆ ಎಲ್ಲಿ?"

"ತೆಗೆದಾಕಿದೆ ಕಣೇ."

ಅವಳಿಗೆ ಅಳು ಬಂತೋ ನಗು ಬಂತೋ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ನೆಂಟರು.

ರತ್ನಮ್ಮ ಜೋರಿನ ಹೆಂಗಸು. ಕೂತವಳೇ ಕಣ್ಣಾಡಿಸಿ, "ಏನಜ್ಜಿ, ಕೊಳಗದಲ್ಲಿ? ಬಟ್ಟೆ ಬೇರೆ ಮುಚ್ಚಿದ್ದೀರಿ" ಅಂದಳು. ನಾನು ಬಾಯಿ ತೆರೆಯುವ ಮೊದಲೇ ಪವಿತ್ರ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ನಾನು ಮಾಡಿದ ಘನಕಾರ್ಯ ಕೇಳಿ ಮಂಜುನಾಥ ತಲೆ ತಗ್ಗಿಸಿಕೊಂಡು ನಕ್ಕ. ರತ್ನಮ್ಮ ನಗಲಿಲ್ಲ. "ಹಂಗಾದ್ರೆ ಇದು ಕೆಟ್ಟೋಯ್ತಾ?" ಅಂದಳು.

"ನೋಡಿ ಹೇಳ್ತೀನಿ ಆಂಟಿ" ಎಂದು ಪವಿತ್ರ ಒಂದು ಲೋಟಕ್ಕೆ ಒಂದಿಷ್ಟು ಬಗ್ಗಿಸಿಕೊಂಡು ಬೆಳಕಿಗೆ ಹಿಡಿದಳು. ಲೋಟದೊಳಕ್ಕೆ ಮೂಗು ತೂರಿಸಿದಳು. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮಗು ಬಾಯಿ ಮುಕ್ಕಳಿಸುವಂತೆ ಅತ್ತ ಇತ್ತ ಆಡಿಸಿ, ಪಕ್ಕದಲ್ಲಿದ್ದ ಬೋಗುಣಿಗೆ ಪಿಚಕ್ಕೆಂದು ಉಗಿದಳು.

ಮದುವೆಗಿರುವ ಹುಡುಗಿ, ಬೀಗರಾಗುವವರ ಮುಂದೆ, ನಡುಮನೆಯಲ್ಲಿ ಉಗಿದಳು! ನನ್ನ ಮಗ ಎದ್ದು ನಿಂತುಬಿಟ್ಟ. ಸಂಬಂಧ ಅಲ್ಲಿಗೆ ಮುಗಿಯಿತು ಎಂದು ನಾನೂ ಅಂದುಕೊಂಡೆ.

"ಕೆಟ್ಟಿಲ್ಲ, ಬೆಲ್ಲ ಜಾಸ್ತಿ ಆಗೈತೆ, ಸತ್ವ ಕಮ್ಮಿ" ಅಂದಳು ಪವಿತ್ರ. "ಗುಳ್ಳೆ ಹೋಗೈತೆ, ಅಮಲು ಹೋಗಿಲ್ಲ. ಪಾನಕ ಅಂತ ಕುಡಿದೀರಾ ಜೋಕೆ."

ರತ್ನಮ್ಮ ಬೋಗುಣಿಯನ್ನೇ ನೋಡುತ್ತಿದ್ದಳು. "ಅದ್ಯಾಕೆ ಉಗಿದೆ?"

"ಕೆಲಸದಲ್ಲಿ ಹಂಗೇ ಆಂಟಿ. ಬೆಳಿಗ್ಗೆಯಿಂದ ಒಂದಾದ ಮೇಲೊಂದು ರುಚಿ ನೋಡ್ಬೇಕು. ನುಂಗ್ತಾ ಕೂತ್ರೆ ಮಧ್ಯಾಹ್ನಕ್ಕೇ ನಾಲಿಗೆ ಕೆಲಸ ಮಾಡಲ್ಲ, ಒಳಗಿಂದ ಆಚೆಗೆ ಕಳಿಸ್ತಾರೆ."

"ಎಲ್ಲಾನೂ ಉಗೀತೀಯಾ?"

"ಎಲ್ಲಾನೂ."

"ಅಯ್ಯೋ ದೇವುಡಾ!" ರತ್ನಮ್ಮ ಎದೆಗೆ ಕೈ ಇಟ್ಟುಕೊಂಡಳು. "ಅಷ್ಟೊಂದು ದ್ರಾಕ್ಷಿ ಬೆಳೆದು ಹಿಂಡಿ ಉಗಿಯೋದಾ! ಅಜ್ಜಿ, ನಿಮ್ಮ ಹೊಟ್ಟೆ ಉರಿಯಲ್ವಾ?"

"ಉರೀತದೆ. ಏನು ಮಾಡಣ, ಉಗಿಯೋಕೇ ಸಂಬಳ ಕೊಡ್ತಾರಂತೆ" ಅಂದೆ.

ಆಗ ರತ್ನಮ್ಮ ನಕ್ಕಳು. ಒಂದು ಸಲ ನಗು ಹತ್ತಿದ ಮೇಲೆ ಅವಳು ನಿಲ್ಲಿಸುವ ಪೈಕಿ ಅಲ್ಲ. ಕೂತವಳು ಗೋಡೆಗೆ ಒರಗಿಕೊಂಡಳು. ಬೀದಿಯವರು ಏನನ್ನುತ್ತಾರೆ ಎಂದು ಅವಳು ಹೆದರಿದ್ದು ಸುಳ್ಳೇನಲ್ಲ. ಕುಡಿದು ಬಂದ ಗಂಡಸನ್ನು ಕಂಡ ಹೆಂಗಸಿಗೆ ಸೀಸೆ ಅಂದರೆ ಮೈ ನಡುಗುತ್ತದೆ, ನನಗೂ ಅದು ಗೊತ್ತು. ಆದರೆ ಉಗಿಯುವವಳನ್ನು ಕುಡುಕಿ ಎಂದು ಯಾವ ಬೀದಿ ಅಂದೀತು?

ಉಳಿದಿದ್ದ ಬಾಟಲಿಯನ್ನು ಪವಿತ್ರ ತೆಗೆದ ರೀತಿಯೇ ಬೇರೆ. ಬಿರಡೆ ಹಿಡಿದು ಬಾಟಲಿಯನ್ನು ಮೆಲ್ಲಗೆ ತಿರುಗಿಸಿದಳು, ಪುಸ್ ಎಂದು ನಿಟ್ಟುಸಿರಿನಂಥ ಸದ್ದು ಬಂತು ಅಷ್ಟೇ. ಬೆಲ್ಲದ ರಸವನ್ನೆಲ್ಲ ನಾನು ಮುಗಿಸಿದ್ದೆನಲ್ಲ, ಲೋಟದ ತಳಕ್ಕೆ ನನ್ನ ಕೊಳಗದ್ದನ್ನೇ ಹಾಕಿದಳು. ರತ್ನಮ್ಮ ಕೊಳಗದ್ದು ಬೇಡವೆಂದು ಬರೀ ನಿಂಬೆ ಸೋಡಾ ಕೇಳಿ ಪಡೆದಳು, ಅದರಲ್ಲಿ ದಾಳಿಂಬೆ ಕಾಳು ಕುಣಿಯುವುದನ್ನು ಬಹಳ ಹೊತ್ತು ನೋಡಿದಳು. ನಾನು ಯಾವುದನ್ನು ಕುಡಿದೆ ಎಂದು ನೀವು ಕೇಳುತ್ತೀರಿ. ವೈನಿನದನ್ನೇ ಕುಡಿದೆ. ನಮ್ಮ ದ್ರಾಕ್ಷಿಯನ್ನು ಉಗಿಯುವುದಕ್ಕೆ ನನಗೆ ಯಾರೂ ಸಂಬಳ ಕೊಡುವುದಿಲ್ಲ. ಮೂಗಿಗೆ ಚುರ್ ಅಂತು, ಆಮೇಲೆ ಮುದ್ದೆಯೂ ಮಾಂಸವೂ ಎಂದಿಗಿಂತ ಚೆನ್ನಾಗಿ ಒಳಗಿಳಿದವು.

ಹೊರಡುವಾಗ ರತ್ನಮ್ಮ ಒಪ್ಪಿಗೆಯ ಮಾತನ್ನೂ ಎತ್ತಲಿಲ್ಲ, ಕೆಲಸ ಬಿಡುವ ಮಾತನ್ನೂ ಎತ್ತಲಿಲ್ಲ. ನನ್ನ ಮಗ ಅವಳ ಮುಖವನ್ನೇ ನೋಡುತ್ತಾ ಬಾಗಿಲ ತನಕ ಹಿಂದೆ ಹಿಂದೆ ಹೋದ. ಅವಳು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಪವಿತ್ರಮ್ಮ, ನಮ್ಮ ಗೌರಿಬಿದನೂರಿಂದ ನಿನ್ನ ಫ್ಯಾಕ್ಟರಿ ಕಡೆಗೆ ಬೆಳಿಗ್ಗೆ ಬಸ್ ಐತಾ?" ಎಂದು ಕೇಳಿದಳು.

"ಐತೆ ಆಂಟಿ. ಏಳಕ್ಕೆ ಮುಂಚೇನೇ ಹತ್ಬೇಕು."

ರತ್ನಮ್ಮ ಮಗನ ಕಡೆ ತಿರುಗಿದಳು. "ಕೇಳಿಸ್ತೇನಪ್ಪಾ? ಬೆಳಿಗ್ಗೆ ಕಾಫಿ ಇನ್ಮೇಲೆ ನೀನೇ ಕಾಯಿಸ್ಬೇಕು. ಅಷ್ಟೊತ್ತಿಗೆ ಏಳೋಕೆ ನನ್ನ ಕೈಲಾಗಲ್ಲ."

ಅವರು ಬೀದಿ ತಿರುಗಿದ ಮೇಲೆ ನಾರಾಯಣಸ್ವಾಮಿ ಓಡಿ ಬಂದು, "ಅವ್ವಾ, ಅವರು ಒಪ್ಪಿದ್ರಾ, ಇಲ್ವಾ? ಏನೂ ಹೇಳ್ಲೇ ಇಲ್ಲವಲ್ಲ" ಅಂದ. ಗಂಡಸರಿಗೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಕೂಗಿ ಹೇಳಿದರೇನೇ ಮಾತು ತಿಳಿಯುವುದು. ಬೆಳಗಿನ ಕಾಫಿ ಯಾರು ಕಾಯಿಸಬೇಕು ಎಂದು ಮನೆಯ ಹಿರಿಯ ಹೆಂಗಸು ಗೊತ್ತುಮಾಡಿದ ಮೇಲೆ, ಪುರೋಹಿತರು ಲಗ್ನಪತ್ರಿಕೆಯಲ್ಲಿ ಬರೆಯುವುದಕ್ಕೆ ಇನ್ನು ತಾರೀಖು ಒಂದೇ ಉಳಿದಿರುತ್ತದೆ.