ಐದೂವರೆಗೆ ಹೊರಡುವ ಯೋಜನೆ

ಮದುವೆಮನೆಯ ಪಂಕ್ತಿಯಲ್ಲಿ ಕೂತ ಹುಡುಗನ ಎಲೆಗೆ ಪಾಯಸ ಬೀಳುವ ಮೊದಲೇ ಪಕ್ಕದವರಿಂದ ಒಂದು ಪ್ರಶ್ನೆ ಬೀಳುತ್ತದೆ: ‘ಮುಂದೇನು?’ ಪಿ.ಯು.ಸಿ. ಮುಗಿಸಿದವನಿಗೂ ಅದೇ ಪ್ರಶ್ನೆ, ಡಿಗ್ರಿ ಮುಗಿಸಿದವನಿಗೂ ಅದೇ. ಆದರೆ ನಲವತ್ತು ದಾಟಿದವರನ್ನು ಯಾರೂ ಹಾಗೆ ಕೇಳುವುದಿಲ್ಲ ಎಂಬುದನ್ನು ನೀವೂ ಗಮನಿಸಿರಬಹುದು. ಅವರ ಮುಂದೆ ಉಳಿದಿರುವುದು ಪಾಯಸವೊಂದೇ ಎಂದು ಲೋಕ ತೀರ್ಮಾನಿಸಿಬಿಟ್ಟಿರುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ನಲವತ್ಮೂರರ ಪ್ರಾಯದ ನಾನು ಅಂಥ ನಿಶ್ಚಿಂತ ಸ್ಥಿತಿಯನ್ನು ತಲುಪಿದ್ದೆ.

ಬೊಮ್ಮನಹಳ್ಳಿಯಲ್ಲಿ, ಹೊಸೂರು ರಸ್ತೆಯ ಲಾರಿಗಳ ಸದ್ದು ಕಿಟಕಿಯಿಂದ ನೇರವಾಗಿ ಒಳಗೆ ಬರುತ್ತಿದ್ದ ಒಂದು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ವ್ಯವಹಾರ ನಿರ್ವಹಣೆಯನ್ನು ಬೋಧಿಸುತ್ತಿದ್ದೆ. ಬೆಳಿಗ್ಗೆ ಆರಕ್ಕೆ ಮನೆಪಾಠ, ಹಗಲು ಇನ್ನೊಂದು ಕಾಲೇಜು, ಸಂಜೆ ಇಲ್ಲಿ. ವೃತ್ತಿಯೆಂಬುದು ನನ್ನ ಪಾಲಿಗೆ ಅಕ್ಷರಶಃ ವೃತ್ತವೇ ಆಗಿತ್ತು. ಅದರ ಪರಿಧಿಯ ಮೇಲೆ ನಾನು ಸೈಕಲ್ ತುಳಿಯುತ್ತಿದ್ದೆ, ಕೇಂದ್ರದಲ್ಲಿ ನನ್ನ ಹೆಂಡತಿ ಶಾರದೆ ಆರಿದ ಅನ್ನದ ಮುಂದೆ ಕೂತಿರುತ್ತಿದ್ದಳು. ‘ಯೋಜನೆ’ ಎಂಬ ಅಧ್ಯಾಯವನ್ನು ಹನ್ನೊಂದು ವರ್ಷ ಒಂದೇ ಟಿಪ್ಪಣಿಯಿಂದ ಪಾಠ ಮಾಡಿದ್ದೆ. ಹಿಂದಿನವರಿಗೆ ಯೋಜನೆಯೆಂದರೆ ಹಲವು ಮೈಲಿಗಳ ದೂರ. ನನಗೂ ನಾನು ಬೋಧಿಸುತ್ತಿದ್ದ ಯೋಜನೆಗೂ ಇದ್ದದ್ದು ಆ ಅರ್ಥದ ಸಂಬಂಧವೇ.

ಒಂದು ದಿನ ಕಾಲೇಜಿನ ಸಭೆಗೆ ಅತಿಥಿಯಾಗಿ ಬಂದ ಉದ್ಯಮಿಯೊಬ್ಬರು, ನಮ್ಮ ಪದವೀಧರರಿಗೆ ಪುಸ್ತಕದಲ್ಲಿರುವುದೆಲ್ಲ ಗೊತ್ತು, ತಮಗೇನು ಬೇಕೆಂಬುದೊಂದು ಮಾತ್ರ ಗೊತ್ತಿಲ್ಲ ಎಂದು ಭಾಷಣ ಮಾಡಿ ಹೋದರು. ಆ ಮಾತು ನಮ್ಮ ಪ್ರಿನ್ಸಿಪಾಲರಿಗೆ ನಾಟಿತು. ಮರುದಿನವೇ ಪ್ರತಿ ಗುರುವಾರಕ್ಕೆ ‘ಸ್ವಯಂ ವೃತ್ತಿಯೋಜನೆ ಮತ್ತು ಜೀವನ ಸಮತೋಲನ’ ಎಂಬ ತರಗತಿ ನಿಗದಿಯಾಯಿತು. ಅದಕ್ಕೆ ಪಠ್ಯಪುಸ್ತಕವಿರಲಿಲ್ಲ, ಪರೀಕ್ಷೆಯಿರಲಿಲ್ಲ, ಹೇಳಿಕೊಡುವವರೂ ಇರಲಿಲ್ಲ. ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತಿದ್ದ ನನ್ನ ಮೇಲೆ ಅವರ ದೃಷ್ಟಿ ಬಿತ್ತು.

“ನಿಮ್ಮನ್ನ ನೋಡಿದ್ರೆ ಸಮತೋಲನದ ಮನುಷ್ಯ ಅನ್ಸುತ್ತೆ ಕಣ್ರೀ,” ಎಂದರು.

ಸೈಕಲ್ಲಿನಿಂದ ಬೀಳದೆ ಬರುತ್ತಿದ್ದೆ ಎಂಬುದನ್ನು ಬಿಟ್ಟರೆ ನನ್ನ ಸಮತೋಲನಕ್ಕೆ ಬೇರೆ ಪುರಾವೆ ಇರಲಿಲ್ಲ.

ಏನು ಹೇಳಿಕೊಡಬೇಕೆಂದು ತೋಚದ ಅಧ್ಯಾಪಕ ವಿದ್ಯಾರ್ಥಿಗಳಿಂದಲೇ ಏನಾದರೂ ಬರೆಸುತ್ತಾನೆ. ನಾನೂ ಮೊದಲ ಗುರುವಾರ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಹಂಚಿದೆ. ಒಂದು ಮಗ್ಗುಲಲ್ಲಿ ಐದು ವರ್ಷದ ನಂತರ ಏನಾಗಬೇಕೆಂದು ಬರೆಯಿರಿ, ಇನ್ನೊಂದು ಮಗ್ಗುಲಲ್ಲಿ ನಿಮ್ಮ ಇಪ್ಪತ್ನಾಲ್ಕು ಗಂಟೆ ಎಲ್ಲೆಲ್ಲಿ ಹೋಗುತ್ತದೆಂದು ಬರೆಯಿರಿ ಎಂದೆ. ಹೆಚ್ಚುಕಡಿಮೆ ಇಡೀ ತರಗತಿ ಬ್ಯಾಂಕ್ ಆಫೀಸರ್ ಆಗಲು ನಿಶ್ಚಯಿಸಿತ್ತು. ಅಷ್ಟು ಜನ ಆಫೀಸರುಗಳಾದರೆ ಕೌಂಟರಿನಲ್ಲಿ ಕೂರುವವರು ಯಾರೆಂದು ನನಗೆ ಚಿಂತೆಯಾಯಿತು.

ಬೇರೆ ಬರೆದವಳು ನಾಗರತ್ನ ಒಬ್ಬಳೇ. ಅತ್ತಿಬೆಲೆ ಕಡೆಯ ಹಳ್ಳಿಯ ರೈತಾಪಿ ಮನೆಯ ಹುಡುಗಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಹೊಸದಾಗಿ ಎದ್ದಿದ್ದ ಒಂದು ಸಣ್ಣ ಕಾರ್ಖಾನೆಯಲ್ಲಿ, ರೇಡಿಯೋಗಳಿಗೆ ಬೇಕಾದ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತುವ ಕೆಲಸ ಅವಳದು. ಕೆಲಸ ಮುಗಿಸಿ ಬಸ್ಸು ಹಿಡಿದು, ಬೆರಳುಗಳಲ್ಲಿ ವಾರ್ನಿಷ್ ವಾಸನೆ ಇರುವಂತೆಯೇ ತರಗತಿಗೆ ಬರುತ್ತಿದ್ದಳು. ಹಲವು ದಿನ ತರಗತಿ ಮುಗಿಯುವ ಹೊತ್ತಿಗೆ ಬರುತ್ತಿದ್ದಳು. ಅವಳ ಹಾಳೆಯಲ್ಲಿ ಎರಡೇ ಸಾಲು: ‘ಲೈನ್ ಸೂಪರ್‌ವೈಸರ್ ಆಗಬೇಕು. ಐದೂವರೆಗೆ ಫ್ಯಾಕ್ಟರಿಯಿಂದ ಹೊರಡಬೇಕು.’

ನಾನು ಅನುಭವಸ್ಥನ ನಗು ನಕ್ಕೆ. “ಎರಡೂ ಒಟ್ಟಿಗೆ ಆಗೋದಿಲ್ಲಮ್ಮ. ದೊಡ್ಡ ಕೆಲಸ ಅಂದಮೇಲೆ ಹೊತ್ತು ಗೊತ್ತು ಇರೋದಿಲ್ಲ.”

“ಯಾಕೆ ಸಾರ್ ಆಗಲ್ಲ?” ಎಂದಳು. ಉದ್ಧಟತನವೇನೂ ಇರಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದಳು. ನಾನು ಕನ್ನಡಕ ಒರೆಸುತ್ತಿರುವಾಗ ಇನ್ನೊಂದು ಕೇಳಿದಳು: “ನಿಮ್ಮ ಹಾಳೆ ಎಲ್ಲಿ ಸಾರ್?”

ತರಗತಿ ನಕ್ಕಿತು. ಮುಂದಿನ ವಾರ ತರುತ್ತೇನೆಂದು ಮಾತು ಕೊಟ್ಟೆ. ಬರೆಯಲು ಕೂತಾಗ, ಇಪ್ಪತ್ನಾಲ್ಕು ಗಂಟೆಗಳಲ್ಲಿ ಶಾರದೆಯ ಪಾಲಿಗೆ ಬರುವುದು ನಾನು ಚಪ್ಪಲಿ ಹಾಕಿಕೊಳ್ಳುವ ಮತ್ತು ಬಿಡುವ ಹೊತ್ತು ಮಾತ್ರ ಎಂದು ಗೊತ್ತಾಯಿತು. ಅದನ್ನು ತರಗತಿಯಲ್ಲಿ ಓದಲು ನಾಚಿಕೆಯಾಗಿ, ಓದುವ ಮೊದಲು ತಿದ್ದಬೇಕೆಂದು ಬೆಳಗಿನ ಮನೆಪಾಠ ಬಿಟ್ಟೆ. ಮರುದಿನ ಆರೂವರೆಗೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ನನ್ನ ಹಣೆಯನ್ನು ಶಾರದೆ ಮುಟ್ಟಿ ನೋಡಿದಳು.

“ಜ್ವರ ಇಲ್ವಲ್ಲ. ಮತ್ತೇನಾಯ್ತು?”

“ಏನಿಲ್ಲ. ಕಾಫಿ ಕೂತ್ಕೊಂಡು ಕುಡಿಯೋಣ ಅಂತ.”

ಅವಳು ಇನ್ನೊಂದು ಲೋಟ ತೆಗೆದಳು. ಹದಿನೆಂಟು ವರ್ಷದ ದಾಂಪತ್ಯದಲ್ಲಿ ಅವಳಿಗೆ ಹಿತ್ತಲಿನ ಗುಬ್ಬಿಗಳಿಗೆಲ್ಲ ಹೆಸರಿಡುವ ಅಭ್ಯಾಸವಿದೆಯೆಂದು ನನಗೆ ತಿಳಿದದ್ದು ಆ ದಿನ.

ನನ್ನ ಯೋಜನೆ ಹೀಗೆ ಸುಲಭದಲ್ಲಿ ಕೈಗೂಡಿತು. ನಾಗರತ್ನಳದು ಹಾಗಿರಲಿಲ್ಲ. ಕಾರ್ಖಾನೆಯ ಪಾಳಿ ಐದೂವರೆಗೆ ಮುಗಿದರೂ ಬಹುಪಾಲು ದಿನ ಓವರ್‌ಟೈಮ್ ಎಂದು ಏಳೂವರೆಯವರೆಗೆ ಕೂರಿಸುತ್ತಿದ್ದರು. ಒಲ್ಲೆನೆಂದವರ ಹೆಸರನ್ನು ಬಡ್ತಿಯ ಪಟ್ಟಿಯಿಂದ ಕೈಬಿಡುತ್ತಾರೆಂಬ ಭಯ ಎಲ್ಲ ಹೆಂಗಸರಿಗೂ ಇತ್ತು. ಕೂತರೆ ಕಾಲೇಜಿನ ಹಾಜರಿ ಹೋಗುತ್ತದೆ, ಹಾಜರಿ ಹೋದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನು ಕೆಲವು ತರಗತಿ ತಪ್ಪಿದರೂ ಈ ವರ್ಷ ಕಳೆದಂತೆಯೇ ಎಂದು ನಾನೇ ಅವಳಿಗೆ ಎಚ್ಚರಿಕೆ ಕೊಡಬೇಕಾಯಿತು.

ಅವಳು ಅತ್ತುಕೊಳ್ಳಲಿಲ್ಲ. ಅಷ್ಟರಲ್ಲಾಗಲೇ ಒಂದು ನೋಟುಪುಸ್ತಕ ಇಟ್ಟಿದ್ದಳು. ತನ್ನ ಗಂಟೆಗಳನ್ನು ಬರೆಯುತ್ತ ಹೋದವಳಿಗೆ ಸುರುಳಿಗಳ ಗಂಟೆಯನ್ನೂ ಬರೆಯಬೇಕೆನಿಸಿತಂತೆ. ತಪಾಸಣೆಯಲ್ಲಿ ಕೆಟ್ಟವೆಂದು ಹಿಂದಕ್ಕೆ ಬಂದ ಸುರುಳಿಗಳು ಯಾವ ಹೊತ್ತಿನಲ್ಲಿ ಸುತ್ತಿದ್ದೆಂದು ಮೂರು ತಿಂಗಳಿಂದ ಗುರುತು ಹಾಕುತ್ತ ಬಂದಿದ್ದಳು. ಬಹುತೇಕ ಗುರುತುಗಳು ಐದೂವರೆಯ ಆಚೆಗೇ ಇದ್ದವು.

“ಸಂಜೆ ದಣ್ಕೊಂಡು ಸುತ್ತಿದ್ದನ್ನ ಬೆಳಿಗ್ಗೆ ಬಿಚ್ಚಿ ಮತ್ತೆ ಸುತ್ತುತೀವಿ ಸಾರ್,” ಎಂದಳು. “ಓ.ಟಿ. ಇಲ್ದೇ ಹೋದ್ರೂ ಮಾಲು ಅಷ್ಟೇ ಆಗುತ್ತೆ.”

ಆ ಹೊತ್ತಿಗೆ ಸರಿಯಾಗಿ ಕಾರ್ಖಾನೆಯ ಸೂಪರ್‌ವೈಸರ್ ಬೇರೆ ಊರಿಗೆ ಹೋದರು. ಮ್ಯಾನೇಜರ್ ನಾಗರತ್ನಳನ್ನು ಕರೆದು ಆ ಜಾಗ ಅವಳಿಗೇ ಎಂದರು. ಅಲ್ಲಿಯವರೆಗೆ ಹೆಂಗಸರಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ. ಷರತ್ತು ಒಂದೇ, ದಿನಾ ಏಳೂವರೆಯವರೆಗೆ ಇರಬೇಕು. ಎರಡು ದಿನದಲ್ಲಿ ಉತ್ತರ ಹೇಳುತ್ತೇನೆಂದು ಬಂದ ಅವಳಿಗೆ ನಾನು ನನ್ನ ಪ್ರಾಯಕ್ಕೆ ತಕ್ಕ ಸಲಹೆಯನ್ನೇ ಕೊಟ್ಟೆ.

“ಮೊದಲು ಒಪ್ಪಿಕೋ. ಕುರ್ಚಿ ಮೇಲೆ ಕೂತಮೇಲೆ ನಿಧಾನವಾಗಿ ಕೇಳು.”

ಅವಳು ತಲೆ ಅಲ್ಲಾಡಿಸಿದಳು. “ಈಗ ಕೇಳ್ದೆ ಇದ್ರೆ ಆಮೇಲೆ ಕೇಳೋಕೆ ನಂಗೆ ಧೈರ್ಯ ಇರಲ್ಲ ಸಾರ್. ಕುರ್ಚಿ ಅಭ್ಯಾಸ ಆಗ್ಬಿಡುತ್ತೆ.”

ಎರಡು ದಿನದ ನಂತರ ನೋಟುಪುಸ್ತಕವನ್ನು ಮ್ಯಾನೇಜರ ಮೇಜಿನ ಮೇಲಿಟ್ಟು, ಕೆಲಸ ಬೇಕು, ಆದರೆ ಸುರುಳಿ ಸುತ್ತುವ ಇಡೀ ಲೈನು ಐದೂವರೆಗೆ ಕೆಲಸ ಬಿಟ್ಟು ಏಳಬೇಕು ಎಂದು ಹೇಳಿ ಬಂದಳು. ಅವರು ಪುಟ ತಿರುವಿ, “ಇದನ್ನ ಇಲ್ಲೇ ಬಿಟ್ಟು ಹೋಗು” ಎಂದರಂತೆ. ಆಮೇಲೆ ಒಂದು ವಾರ ಸದ್ದಿಲ್ಲ. ಬೆಳಗಿನ ಕಾಫಿ ನನಗೆ ರುಚಿಸದಾಯಿತು. ಒಂದು ಬಿಳಿ ಹಾಳೆ ಹಂಚಿ, ಕೈಗೆ ಬಂದಿದ್ದ ಕೆಲಸವನ್ನು ಅವಳಿಂದ ಕಸಿದೆನೇ ಎಂಬ ಅಳುಕು ಒಳಗೇ ಕೊರೆಯುತ್ತಿತ್ತು.

ಆ ಅಳುಕಿಗೆ ರೂಪ ಬಂದಂತೆ ಒಂದು ಸಂಜೆ ಅವಳ ತಂದೆ ಮುನಿಯಪ್ಪ ಕಾಲೇಜಿಗೆ ಬಂದರು. ಟವೆಲ್ಲನ್ನು ಹೆಗಲಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಬೆಂಚಿನ ತುದಿಯಲ್ಲಿ ಕೂತರು.

“ಮೇಷ್ಟ್ರೇ, ನೀವೇನೋ ಕಾಗ್ದ ಬರ್ಸಿದ್ರಂತೆ. ದೊಡ್ಡ ಕೆಲ್ಸ ಕೊಡ್ತೀವಿ ಅಂದ್ರೆ ಇವ್ಳು ಇಂಗೆ ಮಾಡವ್ಳೆ. ಈಗ ಇರೋ ಕೆಲ್ಸಾನೂ ಕಳ್ಕೊಂಡ್ರೆ ಎಂಗೆ?”

ತಪ್ಪು ನನ್ನದಿರಬಹುದು ಎಂದೆ. ಅಷ್ಟರಲ್ಲಿ ಬಾಗಿಲಲ್ಲಿ ನಾಗರತ್ನ ಕಾಣಿಸಿಕೊಂಡಳು. ಗಡಿಯಾರ ನೋಡಿದೆ, ಆರೂಕಾಲು. ಅವಳು ಆ ಹೊತ್ತಿಗೆ ಬಂದದ್ದನ್ನು ನಾನು ಕಂಡು ತಿಂಗಳುಗಳಾಗಿದ್ದವು.

“ಒಂದ್ ತಿಂಗ್ಳು ನೋಡೋಣ ಅಂದವ್ರೆ ಅಪ್ಪಯ್ಯ,” ಎಂದಳು. “ಇವತ್ತಿಂದ ಎಲ್ರೂ ಐದೂವರೆಗೆ. ಮಾಲು ಕಮ್ಮಿ ಆದ್ರೆ ಮೊದ್ಲಿನಂಗೇ.”

ಮುನಿಯಪ್ಪ ಮಗಳ ಮುಖವನ್ನೂ ನನ್ನ ಮುಖವನ್ನೂ ನೋಡಿ, ಟವೆಲ್ಲನ್ನು ಮತ್ತೆ ಹೆಗಲ ಮೇಲೆ ಹಾಕಿಕೊಂಡರು. “ಅಂಗಾದ್ರೆ ನೀನು ಪಾಠ ಕೇಳು. ನಾನ್ ಇಲ್ಲೇ ಕೂತಿರ್ತೀನಿ,” ಎಂದು ಬೆಂಚಿನಲ್ಲಿ ಬೆನ್ನು ಊರಿ ಕೂತರು. ಅಂದು ನನ್ನ ನಿರ್ವಹಣಾಶಾಸ್ತ್ರದ ಪಾಠವನ್ನು ಆಸಕ್ತಿಯಿಂದ ಕೇಳಿದವರು ಅವರೊಬ್ಬರೇ ಎಂಬುದು ನನ್ನ ದೃಢವಾದ ನಂಬಿಕೆ.

ಆ ತಿಂಗಳು ಸುರುಳಿ ಸುತ್ತುವ ಹೆಂಗಸರೆಲ್ಲ ಒಬ್ಬರ ಬೆನ್ನಿಗೊಬ್ಬರು ನಿಂತರು. ತಿಂಗಳ ಕೊನೆಗೆ ಮಾಲು ಮೊದಲಿನಷ್ಟೇ ಹೋಯಿತು; ಹಿಂದಕ್ಕೆ ಬಂದದ್ದು ಬೆರಳೆಣಿಕೆಯಷ್ಟು. ಮ್ಯಾನೇಜರ್ ಯಾವ ಭಾಷಣವನ್ನೂ ಮಾಡದೆ ಸೂಪರ್‌ವೈಸರ್ ಹುದ್ದೆಯ ಕಾಗದಕ್ಕೆ ಸಹಿ ಹಾಕಿ ಕೊಟ್ಟರು. ನಾಗರತ್ನಳ ಹಾಜರಿ ಕನಿಷ್ಠದ ಗೆರೆಯ ಮೇಲೆ ಬಂದು ನಿಂತಿತು, ಪರೀಕ್ಷೆಗೆ ಕೂತಳು, ಎರಡನೆಯ ದರ್ಜೆಯಲ್ಲಿ ಪಾಸಾದಳು.

ಮರುವರ್ಷ, ಒಂದು ಶನಿವಾರ, ಹೊಸ ತರಗತಿಯನ್ನು ಆ ಕಾರ್ಖಾನೆ ನೋಡಲು ಕರೆದುಕೊಂಡು ಹೋದೆ. ನೀಲಿ ಕೋಟು ತೊಟ್ಟ ನಾಗರತ್ನ ಲೈನಿನ ಉದ್ದಕ್ಕೂ ನಡೆಯುತ್ತ ಎಲ್ಲವನ್ನೂ ತೋರಿಸಿದಳು. ಅವಳ ಕಥೆಯನ್ನು ನನ್ನ ಬಾಯಿಂದ ಸಾಕಷ್ಟು ಕೇಳಿ ದಣಿದಿದ್ದ ವಿದ್ಯಾರ್ಥಿನಿಯೊಬ್ಬಳು ಕೇಳಿದಳು:

“ಮೇಡಂ, ಐದು ವರ್ಷದ ಯೋಜನೆ ಇಷ್ಟು ಬೇಗ ಮುಗಿದೋಯ್ತಲ್ಲ. ಇನ್ನೇನ್ ಮಾಡ್ತೀರಿ?”

ನಾಗರತ್ನ ಗಂಭೀರವಾಗಿ ಯೋಚಿಸಿದಳು. “ನಾಳೆ ಭಾನುವಾರ ಅಲ್ವಾ? ನಿದ್ದೆ ಮಾಡ್ತೀನಿ. ಸೋಮವಾರ ಯೋಚ್ನೆ ಮಾಡ್ತೀನಿ.”

ಐದೂವರೆಗೆ ಸೈರನ್ ಕೂಗಿತು. ಯಂತ್ರಗಳು ಒಂದೊಂದಾಗಿ ನಿಂತವು. ಹೆಂಗಸರು ಕೈ ತೊಳೆದು, ಮುಡಿಯಲ್ಲಿ ಬಾಡಿದ್ದ ಹೂವನ್ನು ತೆಗೆದು, ಒಬ್ಬರ ಮಾತನ್ನೊಬ್ಬರು ಕತ್ತರಿಸುತ್ತ ಅಂಗಳಕ್ಕೆ ಬಂದರು. ಅಲ್ಲಿ ನಿಂತಿದ್ದ ಕಾರ್ಖಾನೆಯ ಬಸ್ಸಿಗೆ ಎಲ್ಲರೂ ಹತ್ತಿದರೆಂದು ಖಾತ್ರಿ ಮಾಡಿಕೊಂಡು, ಕೊನೆಯಲ್ಲಿ ನಾಗರತ್ನ ಹತ್ತಿದಳು. ನನ್ನ ಪಕ್ಕದಲ್ಲಿ ನಿಂತಿದ್ದ ಮ್ಯಾನೇಜರ ಕೈಯಲ್ಲಿ ಟಿಫಿನ್ ಕ್ಯಾರಿಯರ್ ಇದ್ದುದನ್ನು ನಾನು ಗಮನಿಸಿದೆ.

“ನೀವೂ ಹೊರಟ್ರಾ ಸಾರ್?” ಎಂದೆ.

“ಅವ್ರೆಲ್ಲ ಹೋದ್ಮೇಲೆ ನಂಗೆ ಇಲ್ಲಿ ಏನ್ ಕೆಲ್ಸ?” ಎಂದರು, ತುಸು ನಾಚಿಕೊಂಡು. “ಮನೇಲಿ ಮಗಳು ಶಟ್ಲ್ ಆಡೋಕೆ ಕಾಯ್ತಿರ್ತಾಳೆ.”

ಬಸ್ಸು ಗೇಟು ದಾಟಿ ಅತ್ತಿಬೆಲೆಯ ಕಡೆಗೆ ತಿರುಗಿತು. ಇನ್ನೂ ಚೆನ್ನಾಗಿ ಬಿಸಿಲಿತ್ತು. ಕಿಟಕಿಗಳಿಂದ ಹತ್ತಾರು ಕೈಗಳು ಹೊರಗೆ ಬಂದು ನಮ್ಮತ್ತ ಬೀಸಿದವು, ಅದರಲ್ಲಿ ಸೂಪರ್‌ವೈಸರ ಕೈ ಯಾವುದೆಂದು ಗುರುತು ಹಿಡಿಯಲು ಆಗಲಿಲ್ಲ. ನಾನು ಎಲ್ಲ ಕೈಗಳಿಗೂ ಕೈ ಬೀಸಿದೆ.