ತಳ ಕಲಕದ ಮಜ್ಜಿಗೆ

ನನ್ನ ಮುಂದೆ ಒಂದು ಲೋಟ ನೀರುಮಜ್ಜಿಗೆ ಇದೆ. ನಿಮ್ಮೊಡನೆ ಮಾತಿಗೆ ಕೂತ ಸ್ವಲ್ಪ ಹೊತ್ತಿಗೇ ಮೇಲೆ ತಿಳಿನೀರು ನಿಂತು, ಮೊಸರೆಲ್ಲ ತಳ ಸೇರಿದೆ.

ಬಹುಕಾಲ ರಸಾಯನಶಾಸ್ತ್ರ ಪಾಠ ಹೇಳಿದವಳಿಗೆ ರಾಮನವಮಿಯೆಂದರೆ ಮಿಶ್ರಣಗಳ ಹಬ್ಬ. ಬಸವನಗುಡಿಯ ನಮ್ಮ ರಸ್ತೆಯ ಚಪ್ಪರದಡಿ ಮೂರು ಪಾತ್ರೆಗಳು. ಕೋಸಂಬರಿಯಲ್ಲಿ ಬೇಳೆ ಬೇಳೆಯಾಗಿಯೇ, ಸೌತೆಕಾಯಿ ಸೌತೆಕಾಯಿಯಾಗಿಯೇ ಉಳಿದಿರುತ್ತವೆ, ಬೇಕೆಂದವರು ಬೆರಳಲ್ಲೇ ಆರಿಸಿಕೊಳ್ಳಬಹುದು. ಪಾನಕದಲ್ಲಿ ಬೆಲ್ಲ ತನ್ನ ರೂಪವನ್ನೇ ಬಿಟ್ಟು ನೀರಿನಲ್ಲಿ ಕರಗಿರುತ್ತದೆ, ಬಟ್ಟೆಯಲ್ಲಿ ಸೋಸಿದರೂ ಬೇರೆಯಾಗದು, ಮೇಲಿನ ಸೌಟಿಗೂ ತಳದ ಸೌಟಿಗೂ ಒಂದೇ ಸಿಹಿ. ಮಜ್ಜಿಗೆ ಹಾಗಲ್ಲ, ಕಲಕುವಷ್ಟು ಹೊತ್ತು ಒಂದಾದಂತೆ ಕಂಡು, ಕೈ ನಿಂತೊಡನೆ ಬೇರೆಯಾಗತೊಡಗುತ್ತದೆ. ಆದ್ದರಿಂದ ಪಾನಕ ಹಂಚುವವನು ಬಯಸಿದರೂ ಭೇದ ಮಾಡಲಾರ, ಮಜ್ಜಿಗೆ ಹಂಚುವವನು ಧಾರಾಳವಾಗಿ ಮಾಡಬಲ್ಲ.

ಈ ವರ್ಷ ಅದನ್ನು ಕಣ್ಣಾರೆ ಕಂಡು ಮೈಯೆಲ್ಲ ಉರಿಯಿತು. ನಮ್ಮ ರಸ್ತೆಯ ಸಂಘದ ಕಾರ್ಯದರ್ಶಿ ನಾಗೇಶ್, ಪರಿಚಯದವರು ಬಂದರೆ ಸೌಟನ್ನು ತಳಕ್ಕಿಳಿಸಿ, ಚೆನ್ನಾಗಿ ಕಲಕಿ, ಗಟ್ಟಿಯಾಗಿ ಬಗ್ಗಿಸುತ್ತಿದ್ದರು. ಬೆಳಗಿನಿಂದ ಅದೇ ರಸ್ತೆ ಗುಡಿಸಿ ಬಿಸಿಲಲ್ಲಿ ಬೆಂದು ಬಂದ ಪೌರಕಾರ್ಮಿಕರಾದ ಮಂಗಳಮ್ಮ ಲೋಟ ಹಿಡಿದಾಗ, ಕಲಕದೆ ಮೇಲಿನ ನೀರನ್ನು ಮೊಗೆದು ಸುರಿದರು.

"ಯಾಕ್ರೀ ನಾಗೇಶ್, ಒಂದ್ಸಲ ಕಲಕೋಕೆ ಏನ್ ಕಷ್ಟ ನಿಮಗೆ?" ಎಂದೆ.

"ಅಯ್ಯೋ ಮೇಡಂ, ಎಲ್ಲಾರ್ಗೂ ಒಂದೇ ಪಾತ್ರೆಯಿಂದಾನೇ ಕೊಡ್ತಿರೋದು. ತಳದ್ದು ಸ್ವಲ್ಪ ನಮ್ಮೋರಿಗೆ ಅಂತ ಉಳಿಸಿದೀನಿ, ಅಷ್ಟೇ."

ಒಂದೇ ಪಾತ್ರೆಯಂತೆ! ಈ ಊರಿನ ಎಷ್ಟೋ ಅನ್ಯಾಯಗಳಿಗೆ ಇದೇ ಸಮಜಾಯಿಷಿ. ರಸ್ತೆ ಒಂದೇ, ದೇವರು ಒಬ್ಬನೇ, ಹಬ್ಬ ಎಲ್ಲರದು. ಸೌಟು ಯಾರಿಗಾಗಿ ಎಷ್ಟು ಆಳಕ್ಕೆ ಇಳಿಯುತ್ತದೆಂದು ಮಾತ್ರ ಯಾರೂ ಕೇಳಬಾರದು. ಹಂಚಿದ ಪುಣ್ಯವೂ ಬೇಕು, ಹಂಚದೆ ಉಳಿಸಿಕೊಂಡ ಗಟ್ಟಿಯೂ ಬೇಕು ಇವರಿಗೆ. ನಾಚಿಕೆಯಾಗಬೇಕು.

ಸೌಟು ಕಿತ್ತುಕೊಂಡು ತಳ ಕೆದಕಿ ಕಲಕಿದೆ. ಅವರ ರೇಷ್ಮೆ ಪಂಚೆಯ ಮೇಲೂ ಒಂದಿಷ್ಟು ಹಾರಿತು, ಹಾರಲಿ. ಮಂಗಳಮ್ಮನ ಲೋಟದ ನೀರು ಚೆಲ್ಲಿಸಿ ತುಂಬ ಬಗ್ಗಿಸಿಕೊಟ್ಟೆ. ಆಕೆ ಒಂದು ಗುಟುಕು ಕುಡಿದು, ಲೋಟದೊಳಕ್ಕೆ ನೋಡಿ, ನನ್ನನ್ನು ನೋಡಿದರು.

"ಇಂಗಿರ್ತದಾ ಇದು? ವರ್ಷಾ ವರ್ಷಾ ಕುಡೀತಿದೀನಿ ಕಣಮ್ಮ. ನಿಮ್ಮೋರು ಮಜ್ಜಿಗೆ ಮಾಡೋದೇ ಅಂಗೆ, ಬರೀ ಉಪ್ಪುನೀರು ಅನ್ಕೊಂಡಿದ್ದೆ."

ಆ ಮಾತಿನಲ್ಲಿ ದೂರಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಈ ಲೋಟವನ್ನು ಕಲಕದೆ, ಮೇಲಿನ ತಿಳಿಯನ್ನಷ್ಟೇ ಕುಡಿದು ನೋಡಿದೆ. ಹೌದು, ಬರೀ ಉಪ್ಪುನೀರು.