ಮೆಂತ್ಯದಕ್ಕ ಟೈಲರನ ಸಕ್ಕರೆ ಇಳಿಸಿದ್ದು

ಮೆಂತ್ಯದಕ್ಕನ ಬಾಯಿಗೆ ಸಿಕ್ಕಿ ಒಂದು ಔಷಧಿಯನ್ನಾದರೂ ಹೇಳಿಸಿಕೊಳ್ಳದೆ ಮಾರ್ಕೆಟ್ಟಿನಿಂದ ಆಚೆ ಹೋದವರು ಕಡಿಮೆ. ಸೊಪ್ಪಿಗೆಂದು ಬಂದವರು ಸೊಪ್ಪು ಮಾತ್ರ ಕೊಂಡು ಹೋಗುವಂತಿರಲಿಲ್ಲ. ಕೂದಲು ಉದುರುತ್ತಾ? ಮೆಂತ್ಯ ನೆನೆಸಿ ರುಬ್ಬಿ ಹಚ್ಚು. ಹೊಟ್ಟೆ ಕಟ್ಟಿದೆಯಾ? ದಿನಾ ಒಂದು ಹಿಡಿ ಸೊಪ್ಪು ತಿನ್ನು. ಬಾಣಂತಿಗೆ ಹಾಲು ಸಾಲದಾ? ಅದಕ್ಕೂ ಇದೆ. ಸಕ್ಕರೆ ಕಾಯಿಲೆಯಾ? ಹಾಗಾದರೆ ಕೂತ್ಕೋ, ನಿಧಾನವಾಗಿ ಹೇಳ್ತೀನಿ.

ಪಕ್ಕದ ಈರುಳ್ಳಿ ಮಾರುವವನು ಕೆಣಕದೆ ಬಿಡುತ್ತಿರಲಿಲ್ಲ. "ಅಕ್ಕಾ, ನಿನ್ನ ಮೆಂತ್ಯಕ್ಕೆ ಸತ್ತವರನ್ನ ಎಬ್ಬಿಸೋಕೆ ಬರುತ್ತಾ?"

"ನಿನ್ನಂಥ ಸೋಮಾರೀನ ಎಬ್ಬಿಸೋದೇ ಆಗ್ತಿಲ್ಲ, ಇನ್ನು ಸತ್ತವರನ್ನ ಎಲ್ಲಿಂದ ಎಬ್ಬಿಸಲಿ?" ಎಂದು ಅವಳು ಬಾಯಿ ಮುಚ್ಚಿಸುತ್ತಿದ್ದಳು.

ಬಾಯಿ ಜೋರಾದರೂ ಕೆಲಸದಲ್ಲಿ ಅವಳದು ಎತ್ತಿದ ಕೈ. ನೀರಿನ ಟ್ಯಾಂಕಿನ ಹಿಂದಿನ ಖಾಲಿ ಜಾಗದಲ್ಲಿ ಹನ್ನೆರಡು ಪಾತಿ ಮಾಡಿಕೊಂಡಿದ್ದಳು. ಮೂರು ದಿನಕ್ಕೊಂದು ಪಾತಿಗೆ ಬಿತ್ತುತ್ತಾ ಹೋದರೆ ಸೊಪ್ಪಿಲ್ಲದ ದಿನವೇ ಇರುವುದಿಲ್ಲ. ರಾತ್ರಿಯೆಲ್ಲ ನೆನೆದ ಕಾಳನ್ನು ಒಂದೇ ಸಮ ಚೆಲ್ಲಿ, ಮೇಲೆ ಉಗುರಿನಷ್ಟು ದಪ್ಪ ಮಣ್ಣು ಉದುರಿಸುತ್ತಿದ್ದಳು. ನಾಲ್ಕನೇ ದಿನ ಮೊಳಕೆ, ತಿಂಗಳೊಳಗೆ ಬೇರು ಸಮೇತ ಕಿತ್ತು ತೊಳೆದು ಕಟ್ಟು ಕಟ್ಟುವುದು. ಅಂಚಿನ ಎರಡು ಪಾತಿಗಳನ್ನು ಮಾತ್ರ ಕೀಳದೆ ಕಾಳಿಗೆಂದು ಬಿಡುತ್ತಿದ್ದಳು. ಮೂರೂವರೆ ತಿಂಗಳಲ್ಲಿ ಕಾಯಿ ಹಳದಿಯಾಗುತ್ತಿತ್ತು. ಕೊಯ್ದು, ಒಣಗಿಸಿ, ಬಡಿದು ಡಬ್ಬಿ ತುಂಬಿಸಿದರೆ ವರ್ಷಕ್ಕಾಗುವಷ್ಟು.

ಈ ಗಿಡಕ್ಕೆ ದೊಡ್ಡ ಶತ್ರು ಹೆಚ್ಚಾದ ನೀರು. ಮಧ್ಯಾಹ್ನದ ಬಿಸಿಲಿಗೆ ಇಡೀ ಪಾತಿ ಜೋತು ಬೀಳುತ್ತದೆ. ಹೊಸಬರು ಓಡಿ ಹೋಗಿ ನೀರು ಸುರಿದು ಬೇರು ಕೊಳೆಸುತ್ತಾರೆ. "ಮುಟ್ಟಬೇಡ, ಬಿಟ್ಟುಬಿಡು. ಸಂಜೆ ಹೊತ್ತಿಗೆ ತಾನೇ ಎದ್ದು ನಿಲ್ಲುತ್ತೆ," ಎಂದು ಅವಳು ಎಷ್ಟು ಜನರಿಗೆ ಗದರಿದ್ದಳೋ! ಮೂವತ್ತು ವರ್ಷದಲ್ಲಿ ಒಂದು ಸಲವೂ ಆ ಮಾತು ಸುಳ್ಳಾಗಿರಲಿಲ್ಲ.

ಗಂಡ ಟೈಲರು. ಬೀದಿಯ ತಿರುವಿನಲ್ಲಿ ಒಂದು ಬಾಗಿಲಿನ ಅಂಗಡಿ, ಕಾಲಲ್ಲಿ ತುಳಿಯುವ ಒಂದು ಮಿಷನ್ನು. ಹೆಂಡತಿ ನೂರು ಮಾತಾಡಿದರೆ ಅವನದು ಒಂದು, ಅದೂ ಬಾಯಲ್ಲಿ ಕಚ್ಚಿಕೊಂಡ ಗುಂಡುಸೂಜಿಗಳ ನಡುವಿನಿಂದ. ಅವನ ಎರಡೂ ಕಣ್ಣಿಗೆ ಪೊರೆ ಬಂತು. ಮೊದಲು ಸೂಜಿಗೆ ದಾರ ಪೋಣಿಸಿಕೊಡಿ ಎಂದು ಗಿರಾಕಿಗಳನ್ನೇ ಕೇಳಿದ. ಆಮೇಲೆ ನೀಲಿ ಬಟ್ಟೆಗೆ ಕಪ್ಪು ದಾರದಲ್ಲಿ ಹೊಲಿದ. ಕೊನೆಗೆ ಒಬ್ಬ ಮೇಷ್ಟ್ರ ಶರ್ಟಿಗೆ ಎರಡೂ ಎಡಗೈ ತೋಳನ್ನೇ ಇಟ್ಟುಬಿಟ್ಟ. ಬೀದಿಯೆಲ್ಲ ನಕ್ಕಿತು. ಅವನೂ ನಕ್ಕ, ನಗುತ್ತಲೇ ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದ, ಮತ್ತೆ ತೆರೆಯಲಿಲ್ಲ. ಇಡೀ ದಿನ ಕಿಟಕಿ ಪಕ್ಕ ಕೂತು ಹಾಕಿಕೊಂಡ ಅಂಗಿಯ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದ. ಅದನ್ನು ನೋಡಲು ಅವಳಿಂದ ಆಗುತ್ತಿರಲಿಲ್ಲ. ಈ ಮನುಷ್ಯನಿಗೆ ಮತ್ತೆ ಕಣ್ಣು ಬರಬೇಕು, ಮಿಷನ್ನಿನ ಮುಂದೆ ಕೂರಬೇಕು. ಅವಳಿಗೆ ಬೇಕಾಗಿದ್ದುದು ಇದೊಂದೇ.

ಕಣ್ಣಾಸ್ಪತ್ರೆಯಲ್ಲಿ, ಆಪರೇಷನ್ ದೊಡ್ಡದೇನಲ್ಲ, ಆದರೆ ಸಕ್ಕರೆ ವಿಪರೀತ ಏರಿದೆ, ಇಳಿಯದೆ ಕಣ್ಣಿಗೆ ಕೈ ಹಾಕುವುದಿಲ್ಲ ಎಂದರು. ನರ್ಸಮ್ಮ ಪಟ್ಟಿಯಲ್ಲಿ ಅವನ ಹೆಸರು ಸೇರಿಸಿ ಫೋನ್ ನಂಬರು ಬರೆದುಕೊಂಡಳು. "ಮೂರು ವಾರ ಬಿಟ್ಟು ರಕ್ತ ಪರೀಕ್ಷೆ ಮಾಡಿಸಿ. ಸಕ್ಕರೆ ಇಳಿದಿದ್ರೆ ದಿನ ಕೊಡ್ತೀವಿ."

ಸಕ್ಕರೆ ಡಾಕ್ಟರು ಒಂದಿದ್ದ ಮಾತ್ರೆಯನ್ನು ಎರಡು ಮಾಡಿದರು. ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದರು. "ಇದು ಬಿಟ್ಟು ಬೇರೆ ಔಷಧಿ ಏನಾದ್ರೂ ತಗೋತಾರಾ?" ಎಂದೂ ಕೇಳಿದರು.

"ಇಲ್ಲ ಸಾರ್," ಎಂದಳು ಮೆಂತ್ಯದಕ್ಕ.

ಅವಳು ಸುಳ್ಳು ಹೇಳಲಿಲ್ಲ. ಮಾರ್ಕೆಟ್ಟಿನಲ್ಲಿ ದಿನಕ್ಕೆ ನೂರು ಸಲ ಔಷಧಿ, ಔಷಧಿ ಎಂದು ಕೂಗುವವಳಿಗೆ, ಡಾಕ್ಟರ ಮುಂದೆ ಕೂತಾಗ ಔಷಧಿ ಎಂದರೆ ಅಂಗಡಿಯಿಂದ ತಂದ ಮಾತ್ರೆ, ಬಾಟಲಿ ಅಷ್ಟೇ. ತನ್ನ ಕೈಯಾರೆ ಬಿತ್ತಿ ಬಡಿದ ಕಾಳು ಆ ಲೆಕ್ಕಕ್ಕೆ ಬರುತ್ತದೆಂದು ಅವಳಿಗೆ ಹೊಳೆಯಲೇ ಇಲ್ಲ.

ಮನೆಗೆ ಬಂದವಳೇ ಟೊಂಕ ಕಟ್ಟಿ ನಿಂತಳು. ಬೆಳಿಗ್ಗೆ ನೆನೆಸಿದ ಕಾಳು, ಅದರ ನೀರಿನ ಸಮೇತ. ಮಧ್ಯಾಹ್ನ ಎರಡು ಚಮಚ ಪುಡಿ. ಸಂಜೆ ಮತ್ತೆ ಪುಡಿ. ಊಟ ಮಾತ್ರ ಅರ್ಧಕ್ಕೆ ಇಳಿಯಿತು. ಸಕ್ಕರೆಯ ಡಬ್ಬಿ ಅಟ್ಟ ಹತ್ತಿತು. ಟೈಲರು ಕೊಟ್ಟದ್ದನ್ನೆಲ್ಲ ನುಂಗಿದ. ವಾರದೊಳಗೆ ಅವನ ಬೆವರು, ಅಂಗಿ, ದಿಂಬು ಎಲ್ಲ ಮೆಂತ್ಯದ ವಾಸನೆ. "ಇನ್ನು ನನ್ನನ್ನೂ ಕಟ್ಟು ಕಟ್ಟಿ ಬುಟ್ಟಿಯಲ್ಲಿಟ್ಟುಬಿಡು," ಎಂದ ಒಂದು ದಿನ. ಎಷ್ಟೋ ತಿಂಗಳ ಮೇಲೆ ಅವನ ಬಾಯಿಂದ ಬಂದ ತಮಾಷೆ. ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಎರಡನೇ ವಾರದಲ್ಲಿ ನಡುಕ ಶುರುವಾಯಿತು. ಊಟಕ್ಕೆ ಮುಂಚೆ ಕೈ ನಡುಗುವುದು, ತಣ್ಣನೆ ಬೆವರು, ತಲೆ ಸುತ್ತು. ಊಟವಾದ ಮೇಲೆ ಸರಿಹೋಗುತ್ತಿತ್ತು. ಊಟಕ್ಕೂ ನಡುಕಕ್ಕೂ ಏನು ಸಂಬಂಧ ಎಂದು ಅವಳು ಯೋಚಿಸಲಿಲ್ಲ. "ಒಳಗಿನ ಸಕ್ಕರೆ ಬೆವರಾಗಿ ಹೊರಗೆ ಬರ್ತಿದೆ ರೀ. ಕೆಲಸ ಮಾಡ್ತಿದೆ ಅಂತ ಅರ್ಥ," ಎಂದಳು. ಅವನು ನಂಬಿದ. ಮೆಂತ್ಯದ ವಿಷಯದಲ್ಲಿ ಅವಳ ಮಾತಿಗೆ ಆ ಮನೆಯಲ್ಲಿ ಎದುರು ಮಾತೇ ಇರಲಿಲ್ಲ.

ಪರೀಕ್ಷೆಯ ದಿನ ಬಂತು. ಬರಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಿತ್ತು. ಹಿಂದಿನ ಸಂಜೆ ಅವಳು ಊಟವನ್ನು ಇನ್ನಷ್ಟು ಕಡಿಮೆ ಮಾಡಿ ಪುಡಿಯನ್ನು ಇನ್ನೊಂದು ಚಮಚ ಹೆಚ್ಚು ಮಾಡಿದ್ದಳು. ಅಷ್ಟಾದ ಮೇಲೂ ಅವನು ದಿನದಂತೆ ಮಾತ್ರೆ ನುಂಗಿದ್ದ. ಬೆಳಿಗ್ಗೆ ಎದ್ದವನು ಗೋಡೆ ಹಿಡಿದುಕೊಂಡು ಬಂದು ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟ. ಅಂಗಿ ಒದ್ದೆ, ತುಟಿ ಬಿಳಿಚಿತ್ತು.

"ಒಂದು ಚಮಚ ಸಕ್ಕರೆ ಕೊಡು," ಎಂದ.

"ಸಕ್ಕರೆನಾ? ಇವತ್ತಾ? ತಮಾಷೆ ಮಾಡ್ತಿದ್ದೀರಾ?"

"ಒಂದೇ ಒಂದು ಚಮಚ. ಬಾಯಿಗೆ ಏನಾದ್ರೂ ಸಿಹಿ ಬೇಕು ಅನ್ನಿಸ್ತಿದೆ."

"ಮೂರು ವಾರ ಪಟ್ಟ ಪಾಡೆಲ್ಲ ನೀರಲ್ಲಿ ಹೋಮ ಮಾಡ್ಬೇಕಾ? ಒಂಬತ್ತು ಗಂಟೆಗೆ ಲ್ಯಾಬಿನ ಬಾಗಿಲು ತೆಗೀತಾರೆ. ಅಲ್ಲೀವರೆಗೆ ತಡ್ಕೊಳ್ಳಿ ರೀ, ನಿಮ್ಮ ದಮ್ಮಯ್ಯ."

ಅವನು ಮತ್ತೆ ಕೇಳಲಿಲ್ಲ. ಕೇಳಿದ್ದರೆ, ಒಂದು ಸಲ ಗದರಿ ಕೇಳಿದ್ದರೆ, ಅವಳು ಕೊಟ್ಟುಬಿಡುತ್ತಿದ್ದಳೋ ಏನೋ. ಗದರುವುದು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಅವಳು ಅವನನ್ನು ಚಾಪೆಯ ಮೇಲೆ ಮಲಗಿಸಿದಳು. ಜೋತುಬಿದ್ದಿದ್ದ ಕೈಗಳನ್ನು ಎದೆಯ ಮೇಲಿಟ್ಟಳು. ಬಿಟ್ಟುಬಿಡೋಣ, ಸ್ವಲ್ಪ ಹೊತ್ತಿಗೆ ತಾನೇ ಎದ್ದು ಕೂರುತ್ತಾರೆ ಎಂದುಕೊಂಡು, ಎರಡು ಪಾತಿ ಸೊಪ್ಪು ಕಿತ್ತಿಟ್ಟು ಬರಲು ಟ್ಯಾಂಕಿನ ಹಿಂದಕ್ಕೆ ಹೋದಳು.

ಒಂದೂವರೆ ಗಂಟೆಯ ಮೇಲೆ ಬಂದು ಕೂಗಿದರೆ ಅವನು ಏಳಲಿಲ್ಲ. ಬಾಯಿಂದ ಜೊಲ್ಲು ಇಳಿದಿತ್ತು, ಮೈ ತಣ್ಣಗಿತ್ತು, ಗೊರಕೆಯಂಥ ಉಸಿರೊಂದೇ ಇತ್ತು. ಅವಳ ಕೂಗು ಕೇಳಿ ಬಂದ ಅಕ್ಕಪಕ್ಕದವರು ಎತ್ತಿ ಆಟೋಗೆ ಹಾಕಿದರು.

ದೊಡ್ಡಾಸ್ಪತ್ರೆಯಲ್ಲಿ ಬೆರಳಿಗೆ ಚುಚ್ಚಿ ನೋಡಿದ ಡಾಕ್ಟರು ಗಾಬರಿಯಾಗಿ ಸೂಜಿಯಲ್ಲಿ ಸಕ್ಕರೆ ನೀರು ಏರಿಸಿದರು. ಏನೇನು ಕೊಟ್ಟಿದ್ದಿರಿ ಎಂದು ಅವರು ಕೇಳಿದಾಗ ಅವಳು ಎಲ್ಲವನ್ನೂ ಹೇಳಿದಳು, ಚಮಚದ ಲೆಕ್ಕ ಸಮೇತ. "ಮೆಂತ್ಯನೂ ಸಕ್ಕರೆ ಇಳಿಸುತ್ತಮ್ಮ, ಮಾತ್ರೆನೂ ಇಳಿಸುತ್ತೆ. ಎರಡೂ ಸೇರಿ, ಊಟಾನೂ ಇಲ್ಲ ಅಂದ್ರೆ ಪಾತಾಳಕ್ಕೆ ಹೋಗುತ್ತೆ. ನಡುಕ, ಬೆವರು ಬಂದ ಕೂಡಲೇ ಒಂದಿಷ್ಟು ಸಕ್ಕರೆ ತಿನ್ನಿಸಬೇಕಿತ್ತು. ಸಕ್ಕರೆ ಕಾಯಿಲೆಯವರಿಗೂ ಆಗ ಅದೇ ಔಷಧಿ." ಅವರು ಬೈಯಲಿಲ್ಲ, ಮೆತ್ತಗೇ ಹೇಳಿದರು. ಬೈದಿದ್ದರೆ ಅವಳಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಟೈಲರು ಕಣ್ಣು ಬಿಡಲಿಲ್ಲ. ಮೂರನೇ ದಿನ ಮಧ್ಯಾಹ್ನ ಉಸಿರು ನಿಂತಿತು.

ಸುದ್ದಿ ಕೇಳಿ ಗಂಡನ ಮನೆಯಿಂದ ಬಂದ ಮಗಳು ಎಲ್ಲ ಮುಗಿದ ಮೇಲೆ ಕೇಳಿದಳು, "ಅಮ್ಮಾ, ಅಪ್ಪ ಕೊನೇಲಿ ಏನಾದ್ರೂ ಕೇಳಿದ್ರಾ?"

"ಏನೂ ಕೇಳಲಿಲ್ಲ," ಎಂದಳು ತಾಯಿ.

ಒಂದು ತಿಂಗಳು ಪಾತಿಗಳನ್ನು ಯಾರೂ ಮುಟ್ಟಲಿಲ್ಲ; ಸೊಪ್ಪು ಬಲಿತು ಹೂ ಬಿಟ್ಟಿತು. ಆಮೇಲೆ ತವರಲ್ಲೇ ಉಳಿದಿದ್ದ ಮಗಳು ಅವಳನ್ನು ಎಬ್ಬಿಸಿ ಮಾರ್ಕೆಟ್ಟಿಗೆ ಕರೆತಂದಳು. ಮೆಂತ್ಯದಕ್ಕ ಈಗಲೂ ಬಂದವರನ್ನು ಸುಮ್ಮನೆ ಕಳಿಸುವುದಿಲ್ಲ, ಆದರೆ ಮಾತು ಬೇರೆ, ದೊಡ್ಡಾಸ್ಪತ್ರೆಯ ಡಾಕ್ಟರನ್ನು ಕೇಳಿ ತಿಳಿದುಕೊಂಡದ್ದು. ಸಕ್ಕರೆಗೆ ಮಾತ್ರೆ ತಗೋತಾರಾ? ಹಾಗಾದ್ರೆ ಡಾಕ್ಟರಿಗೆ ಹೇಳದೆ ಕಾಳು ಕೊಡಬೇಡ. ರಕ್ತ ತೆಳುವಾಗೋ ಮಾತ್ರೆ ತಗೋತಾರಾ? ಕೇಳದೆ ಕೊಡಬೇಡ. ಬಸುರೀನಾ? ಸೊಪ್ಪು ಊಟದ ಜೊತೆ ಸಾಕು, ಕಾಳು ಪುಡಿ ಮಾಡಿ ನುಂಗೋದು ಬೇಡ. ಕಡಲೆಕಾಯಿ ತಿಂದ್ರೆ ಮೈ ಕೆರೆತ ಬರುತ್ತಾ? ಹುಷಾರು, ಇದೂ ಅದೇ ಜಾತಿ. ಗಿರಾಕಿಗಳಿಗೆ ಬೇಜಾರು, ಎರಡು ಕಟ್ಟು ಸೊಪ್ಪಿಗೆ ಇಷ್ಟು ಪ್ರಶ್ನೆಯೇ ಎಂದು. ಈರುಳ್ಳಿಯವನು ಕೆಣಕುವುದಿಲ್ಲ. ಅವಳ ಬುಟ್ಟಿಯನ್ನು ತಾನೇ ಇಳಿಸಿಕೊಡುತ್ತಾನೆ.

ಒಂದು ಬೆಳಿಗ್ಗೆ ವ್ಯಾಪಾರದ ನಡುವೆ ಫೋನು ಬಂತು. ಮಗಳು ಪಕ್ಕದಲ್ಲೇ ಕೂತು ಕಟ್ಟು ಕಟ್ಟುತ್ತಿದ್ದಳು.

"ಕಣ್ಣಾಸ್ಪತ್ರೆಯಿಂದ ಅಮ್ಮಾ. ನಿಮ್ಮ ಯಜಮಾನರದು ಪೊರೆ ಆಪರೇಷನ್ ಇತ್ತಲ್ಲ, ನೀವು ಮತ್ತೆ ಬರಲೇ ಇಲ್ಲ. ಅವರ ಸಕ್ಕರೆ ಇಳೀತಾ?"

"ಇಳೀತು," ಎಂದಳು ಮೆಂತ್ಯದಕ್ಕ.

"ಒಳ್ಳೇದಾಯ್ತು. ಹಾಗಾದ್ರೆ ಗುರುವಾರ ಬೆಳಿಗ್ಗೆ ಕರ್ಕೊಂಡು ಬನ್ನಿ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು. ಮುಂದೆ ನಿಂತಿದ್ದ ಗಿರಾಕಿ ಸೊಪ್ಪಿಗಾಗಿ ಚೀಲ ಬಿಡಿಸಿ ಹಿಡಿದಿದ್ದಳು.

"ಅವರು ಇಲ್ಲಮ್ಮ," ಎಂದಳು. "ಒಂದು ಚಮಚ ಸಕ್ಕರೆ ಕೇಳಿದ್ರು. ನಾನು ಕೊಡಲಿಲ್ಲ."

ಕಟ್ಟು ಕಟ್ಟುತ್ತಿದ್ದ ಮಗಳು ತಲೆಯೆತ್ತಿ ಅಮ್ಮನನ್ನು ನೋಡಿದಳು.